ಎಡಬೆನ್ನಿನ ತರಚುಗಾಯ

ಆರು ವರ್ಷಗಳಲ್ಲಿ ಇಂದುಮತಿ ಎಷ್ಟು ತರಚುಗಾಯಗಳಿಗೆ ಕೋಡ್ ಹಾಕಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಕೊಚ್ಚಿಯ ಕಾಕ್ಕನಾಡಿನಲ್ಲಿ, ಆರನೇ ಮಹಡಿಯ ಕಚೇರಿಯೊಂದರಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಕಡತ ಓದುವುದು ಅವಳ ಕೆಲಸ. ವೈದ್ಯರು ಬರೆದ ಪ್ರತಿ ಕಾಯಿಲೆಗೂ, ಪ್ರತಿ ಗಾಯಕ್ಕೂ ಒಂದು ಸಂಖ್ಯೆ ಇರುತ್ತದೆ. ಅದನ್ನು ಹುಡುಕಿ ಕೂರಿಸಬೇಕು. ಬೆನ್ನಿನ ಮೇಲ್ಭಾಗ ತರಚಿದ್ದರೆ ಎಸ್ ಇಪ್ಪತ್ತು ಪಾಯಿಂಟ್ ನಾಲ್ಕು ಒಂದು. ಅದರ ಮುಂದೆ, ಬಲಗಡೆಯಾದರೆ ಒಂದು, ಎಡಗಡೆಯಾದರೆ ಎರಡು, ಯಾವ ಕಡೆಯೆಂದು ವೈದ್ಯರು ಬರೆಯದೇ ಬಿಟ್ಟಿದ್ದರೆ ಒಂಬತ್ತು. ಕೊನೆಗೊಂದು ಅಕ್ಷರ. ಹೊಸ ಗಾಯಕ್ಕೆ ಎ, ಮಾಯುತ್ತಿರುವ ಗಾಯಕ್ಕೆ ಡಿ, ಗಾಯ ಮಾಯ್ದ ಮೇಲೂ ಉಳಿದುಕೊಂಡ ತೊಂದರೆಗೆ ಎಸ್. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳೇ ಪಾಠ ಹೇಳುತ್ತಿದ್ದಳು. "ಕಡತದಲ್ಲಿ ಬರೆದದ್ದನ್ನಷ್ಟೇ ನೋಡಿ. ಬರೆಯದ್ದನ್ನು ಊಹಿಸಬೇಡಿ. ಅನುಮಾನ ಬಂದರೆ ವೈದ್ಯರನ್ನೇ ಕೇಳಿ."

ಆದರೆ ಅಂಥ ಗಾಯವೊಂದನ್ನು ಅವಳು ಕಣ್ಣಾರೆ ನೋಡಿರಲಿಲ್ಲ. ಅವಳು ಓದಿದ್ದು ಸಸ್ಯಶಾಸ್ತ್ರ. ಧಾರವಾಡದ ಕಾಲೇಜಿನಲ್ಲಿ ಎಲೆಯ ಅಡ್ಡಕೊಯ್ತ ಮಾಡಿ ಕಲಿತವಳಿಗೆ ಮನುಷ್ಯರ ಚರ್ಮ ಬರೀ ಪರದೆಯ ಮೇಲಿನ ಪದವಾಗಿತ್ತು.

ಆ ಗುರುವಾರ ಸಂಜೆ ಕೊಚ್ಚಿಯಲ್ಲೇ ಕಲೂರಿನಲ್ಲಿದ್ದ ತನ್ನ ಫ್ಲಾಟಿಗೆ ಬಂದು, ಕೈಕಾಲು ತೊಳೆದು, ಎಂದಿನಂತೆ ಗಂಡನಿಗೆ ವಿಡಿಯೊ ಕರೆ ಮಾಡಿದಳು. ಶ್ರೀಪತಿ ತಿರುವನಂತಪುರದಲ್ಲಿದ್ದ. ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್. ಉಳ್ಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಫೋನನ್ನು ಊಟದ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಆನಿಸಿ ಮಾತಾಡುವುದು ಅವನ ರೂಢಿ.

"ಊಟಾ ಆತೇನ್ರಿ?"

"ಕುಕ್ಕರ್ ಇಟ್ಟೀನಿ. ಇನ್ನೊಂದು ಸೀಟಿ ಆಗ್ಬೇಕು."

ಅವನು ಕುರ್ಚಿಗೆ ಒರಗಿರಲಿಲ್ಲ. ಪರೀಕ್ಷೆ ಬರೆಯುವ ಹುಡುಗನ ಹಾಗೆ ಮುಂದಕ್ಕೆ ಬಾಗಿ, ಎರಡೂ ಮೊಣಕೈ ಮೇಜಿಗೆ ಊರಿ ಕೂತಿದ್ದ. ಇಂದುಮತಿ ಅದನ್ನು ಗಮನಿಸಿದಳು. ಆಫೀಸಿನ ಮಾತು, ಸೆಕೆಯ ಮಾತು ಆಯಿತು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಒಲೆ ಆರಿಸಲು ಅವನು ಎದ್ದು ತಿರುಗಿದ.

ತಿಳಿನೀಲಿ ಅಂಗಿಯ ಬೆನ್ನಿನ ಮೇಲೆ, ಎಡಗಡೆ, ಹೆಗಲಿಗಿಂತ ಸ್ವಲ್ಪ ಕೆಳಗೆ, ಅಂಗೈಯಗಲದ ಒಂದು ಕಲೆ ಇತ್ತು. ನಡುವೆ ಕಂದು, ಸುತ್ತ ಹಳದಿ, ಅಂಚು ಒಣಗಿ ಗಡುಸಾಗಿತ್ತು. ಬಟ್ಟೆ ಮೈಗೆ ಅಂಟಿಕೊಂಡು ಅಲ್ಲಿ ನೆರಿಗೆ ಬಿದ್ದಿತ್ತು. ಕಡತಗಳಲ್ಲಿ ದಾದಿಯರು ಬರೆಯುವ ವಾಕ್ಯ ಅವಳ ತಲೆಯಲ್ಲಿ ತಾನಾಗಿ ಓದಿಕೊಂಡಿತು: ಗಾಯದಿಂದ ತಿಳಿ ಹಳದಿ ದ್ರವ ಜಿನುಗುತ್ತಿದೆ, ಬಟ್ಟೆ ಅಂಟಿದೆ.

"ಬೆನ್ನಿಗೆ ಏನಾಗೇದ?" ಅವನು ವಾಪಸು ಬಂದು ಕೂರುವ ಮೊದಲೇ ಕೇಳಿದಳು.

"ಏನಿಲ್ಲಲ್ಲ."

"ಅಂಗಿ ಕಲೆ ಆಗೇದ. ಗಾಯದ ನೀರದು. ಏನಾತು ಹೇಳ್ರಿ."

ಶ್ರೀಪತಿ ಕೈ ಹಿಂದೆ ಮಾಡಿ ಕಲೆಯನ್ನು ಮುಟ್ಟಲು ನೋಡಿದ. ಕೈ ಅಲ್ಲಿಗೆ ಎಟುಕಲಿಲ್ಲ. "ಸ್ಕೂಟರ್ ಸ್ವಲ್ಪ ಜಾರಿತ್ತು. ವೇಳಿ ಬೀಚ್ ಹತ್ರ ರಸ್ತೆ ಮ್ಯಾಲೆ ಉಸುಕು ಇತ್ತು. ತರಚೇದ ಅಷ್ಟ. ದವಾಖಾನಿಗೆ ಹೋಗಿ ಇಂಜೆಕ್ಷನ್ ತಗೊಂಡೀನಿ."

"ಯಾವಾಗ?"

"ಆದಿತ್ಯವಾರ."

ಆದಿತ್ಯವಾರದಿಂದ ಗುರುವಾರಕ್ಕೆ ನಾಲ್ಕು ದಿನ. ಪ್ರತಿ ಸಂಜೆಯೂ ಮಾತಾಡಿದ್ದರು. ಸೋಮವಾರ ಅವನು ಮಾವಿನಕಾಯಿ ಉಪ್ಪಿನಕಾಯಿಯ ಬಗ್ಗೆ ಹತ್ತು ನಿಮಿಷ ಮಾತಾಡಿದ್ದ. ಇಂದುಮತಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೇಳಬೇಕೆಂದು ಅವನಿಗೆ ಅನಿಸಿಯೇ ಇಲ್ಲವಲ್ಲ ಎಂದುಕೊಂಡಳು.

"ನಾಳೆ ಬರ್ತೀನಿ," ಅಂದಳು.

"ಏ, ಅಷ್ಟೇನಿಲ್ಲ ಇಂದು. ರಜಾ ಯಾಕ ಹಾಳ ಮಾಡ್ತೀ?"

ಅವಳು ಫೋನಿಟ್ಟಳು.

ಮದುವೆಯಾಗಿ ಇಪ್ಪತ್ತೊಂದು ವರ್ಷ. ಮೊದಲ ಆರು ವರ್ಷ ಶ್ರೀಹರಿಕೋಟ, ಆಮೇಲೆ ಒಂಬತ್ತು ವರ್ಷ ತಿರುವನಂತಪುರ. ಅವನಿಗೆ ಎಲ್ಲಿ ಕೆಲಸವೋ ಅಲ್ಲಿಗೆ ಅವಳು ಪಾತ್ರೆ ಪಡಗ ಕಟ್ಟಿಕೊಂಡು ಹೋಗಿದ್ದಳು. ಮಕ್ಕಳಾಗಲಿಲ್ಲ. ಕೆಲವು ವರ್ಷ ಆಸ್ಪತ್ರೆ ಅಲೆದು, ಒಂದು ದಿನ ಇಬ್ಬರೂ ಆ ಮಾತು ಬಿಟ್ಟರು. ಮೂವತ್ತೇಳು ತುಂಬಿದಾಗ ಇಂದುಮತಿ ಕೋಡಿಂಗ್ ಕಲಿತು ಪರೀಕ್ಷೆ ಪಾಸಾದಳು. ಕೊಚ್ಚಿಯಲ್ಲಿ ಕೆಲಸ ಸಿಕ್ಕಿತು. "ಹೋಗು, ಎರಡು ನೂರು ಕಿಲೋಮೀಟರ್ ಏನು ದೂರ?" ಎಂದು ಶ್ರೀಪತಿಯೇ ಸಾಮಾನು ಹೊತ್ತು ಬಂದು ಬಿಟ್ಟುಹೋಗಿದ್ದ. ವರ್ಷವಾಗುವಷ್ಟರಲ್ಲಿ ಕೊರೋನಾ ಬಂತು. ಎರಡು ವರ್ಷ ಅವಳು ಉಳ್ಳೂರಿನ ಮನೆಯಿಂದಲೇ ಕೆಲಸ ಮಾಡಿದಳು. ಮಧ್ಯಾಹ್ನ ಅವನು ತಟ್ಟೆ ಹಾಕುತ್ತಿದ್ದ, ಅವಳು ಬಡಿಸುತ್ತಿದ್ದಳು. ಹೊರಗೆ ಜಗತ್ತು ಹೆದರಿ ಮುದುಡಿದ್ದಾಗ ಆ ಮನೆಯೊಳಗೆ ನಗು ಇತ್ತು ಎಂದು ನೆನೆದರೆ ಅವಳಿಗೆ ಈಗಲೂ ನಾಚಿಕೆಯಾಗುತ್ತಿತ್ತು. ಆಮೇಲೆ ಕಂಪನಿ ಎಲ್ಲರನ್ನೂ ವಾಪಸು ಕರೆಯಿತು. ಮೊದಮೊದಲು ಪ್ರತಿ ಶುಕ್ರವಾರ ರೈಲು ಹತ್ತುತ್ತಿದ್ದಳು. ಆಮೇಲೆ ಹದಿನೈದು ದಿನಕ್ಕೊಮ್ಮೆ. ಈಗ ತಿಂಗಳಿಗೊಮ್ಮೆ, ಅದೂ ತಪ್ಪಿದರೆ ತಪ್ಪಿತು. ಯಾವಾಗಲೂ ಹೋಗುತ್ತಿದ್ದವಳು ಅವಳೇ. ಸಾಮಾನು ಇಳಿಸಿ ಹೋದ ಮೇಲೆ ಅವನು ಕೊಚ್ಚಿಗೆ ಬಂದವನೇ ಅಲ್ಲ.

ಫ್ಲಾಟಿನ ಇನ್ನೊಂದು ಕೋಣೆಯಲ್ಲಿದ್ದ ಮೇರಿ ಅದೇ ಕಚೇರಿಯವಳು. ಕೋಡಿಂಗಿಗೆ ಬರುವ ಮೊದಲು ಹತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ವಿಷಯ ಕೇಳಿದ್ದೇ ಚಪ್ಪಲಿ ಮೆಟ್ಟಿಕೊಂಡು ಕೆಳಗಿನ ಮೆಡಿಕಲ್ ಶಾಪಿಗೆ ಹೋಗಿ ಒಂದು ಚೀಲ ತುಂಬಿಸಿ ತಂದಳು.

"ಚೇಚಿ, ಸರಿಯಾಗಿ ಕೇಳಿಸಿಕೊಳ್ಳಿ," ಎಂದು, ಅಕ್ಕನಿಗೆ ಹೇಳುವ ಹಾಗೆ, ಮಲಯಾಳದಲ್ಲಿ ಶುರುಮಾಡಿದಳು. "ಅಂಟಿದ ಬಟ್ಟೆಯನ್ನು ಒಣಗಿದ್ದಾಗ ಎಳೆಯಬೇಡಿ. ಸಲೈನ್ ಸುರಿದು ನೆನೆಸಿ. ಅರ್ಧ ಗಂಟೆಯಾದರೂ ಸರಿ, ತಾನಾಗಿ ಬಿಡಬೇಕು. ಆಮೇಲೆ ನಲ್ಲಿ ನೀರು, ಸಾದಾ ಸೋಪು. ಸ್ಪಿರಿಟ್ ಬೇಡ, ಅರಿಸಿನ ಬೇಡ, ಹತ್ತಿಯಂತೂ ಬೇಡವೇ ಬೇಡ, ಎಳೆ ಎಳೆಯಾಗಿ ಗಾಯದಲ್ಲಿ ಉಳಿಯುತ್ತದೆ. ಮರಳಿನ ಕಣ ಒಳಗಿದ್ದರೆ ಡಾಕ್ಟರ ಹತ್ತಿರ ತೆಗೆಸಿ. ಇಲ್ಲದಿದ್ದರೆ ಚರ್ಮ ಅದರ ಮೇಲೇ ಮುಚ್ಚಿಕೊಂಡು ಹಚ್ಚೆ ಹಾಕಿದ ಹಾಗೆ ಕಪ್ಪಗೆ ಉಳಿಯುತ್ತದೆ. ಸುತ್ತ ಕೆಂಪು ಹರಡಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಕೀವು ಇದ್ದರೆ ತಡ ಮಾಡಬೇಡಿ."

"ಇಷ್ಟು ದಿನ ಗಾಯಕ್ಕೆ ಬಟ್ಟೆ ಯಾರು ಕಟ್ಟಿರಬಹುದು ಮೇರಿ?"

ಮೇರಿ ಚೀಲದ ಬಾಯಿ ಕಟ್ಟುತ್ತಾ ಅವಳ ಮುಖ ನೋಡಿದಳು. "ಬೆನ್ನಿನ ಆ ಜಾಗಕ್ಕೆ ತನ್ನ ಕೈ ತನಗೆ ಎಟುಕುವುದಿಲ್ಲ ಚೇಚಿ. ಯಾರೂ ಕಟ್ಟಿರಲಿಕ್ಕಿಲ್ಲ."

ಮರುದಿನ ಬೆಳಗ್ಗೆ ಕೊಚ್ಚಿಯ ಎರ್ನಾಕುಳಂ ನಾರ್ತ್ ಸ್ಟೇಷನ್ನಿನಲ್ಲಿ ರೈಲು ಹತ್ತಿದಳು. ಕೋಟ್ಟಯಂ, ಚೆಂಗನ್ನೂರು, ಕೊಲ್ಲಂ ದಾಟಿದವು. ಎಷ್ಟೋ ಸಲ ಕಂಡ ಹಿನ್ನೀರು, ಎಷ್ಟೋ ಸಲ ಕಂಡ ತೆಂಗಿನ ಸಾಲು. ಮೊದಲಿನ ದಿನಗಳಲ್ಲಿ ವರ್ಕಲ ದಾಟಿದೊಡನೆ ಅವಳು ಕನ್ನಡಿ ತೆಗೆದು ಕೂದಲು ತಿದ್ದಿಕೊಳ್ಳುತ್ತಿದ್ದಳು. ಅದು ಯಾವಾಗ ನಿಂತಿತೆಂದು ನೆನಪಿಸಿಕೊಳ್ಳಲು ನೋಡಿದಳು, ನೆನಪಾಗಲಿಲ್ಲ.

ಶ್ರೀಪತಿ ಅರ್ಧ ದಿನ ರಜೆ ಹಾಕಿ ಮನೆಯಲ್ಲಿದ್ದ. ಬಾಗಿಲು ತೆಗೆದವನು ಅಪರಾಧಿಯ ಹಾಗೆ ನಕ್ಕ. ಮೊಣಕೈ ಮೇಲೂ ಒಂದು ಒಣಗಿದ ಗೀರು ಇತ್ತು. ಫೋನಿನಲ್ಲಿ ಅದು ಕಂಡಿರಲಿಲ್ಲ.

"ಕೂಡ್ರಿ. ಅಂಗಿ ಬಿಚ್ಚಬ್ಯಾಡ್ರಿ, ನಾ ನೋಡ್ತೀನಿ."

ಅವನನ್ನು ಸ್ನಾನದ ಮನೆಯ ಸ್ಟೂಲಿನ ಮೇಲೆ ಕೂರಿಸಿ, ಗುಂಡಿ ಬಿಚ್ಚಿ, ಅಂಗಿಯನ್ನು ಹೆಗಲಿಂದ ಸರಿಸಿದಳು. ಅಂಗಿ ಬಂತು, ಒಳಗಿನ ಬನಿಯನ್ ಬರಲಿಲ್ಲ. ಅದರ ಕೆಳಗೆ ಗಾಜ್ ಬಟ್ಟೆಯ ಒಂದು ತುಂಡು ಅಡ್ಡಾದಿಡ್ಡಿ ಅಂಟಿಕೊಂಡಿತ್ತು. ಒಂದು ಮೂಲೆ ಮಾತ್ರ ಗಾಯದ ಮೇಲಿತ್ತು, ಉಳಿದದ್ದು ಒಳ್ಳೆಯ ಚರ್ಮದ ಮೇಲೆ.

"ಇದನ್ನ ಯಾರು ಹಚ್ಚಿದ್ದು?"

"ನಾನ."

"ಹೆಂಗ?"

ಅವನು ಗೋಡೆ ನೋಡುತ್ತಾ ಹೇಳಿದ. "ಹಾಸಿಗಿ ಮ್ಯಾಲೆ ಗಾಜ್ ಹಾಸಿ, ಅದಕ್ಕ ಮುಲಾಮು ಹಚ್ಚಿ, ಅಂದಾಜು ಮಾಡಿ ಅದರ ಮ್ಯಾಲೆ ಮಲಕ್ಕೊಳ್ಳೋದು. ಮೊದಲ ದಿನ ಪೂರಾ ಬಲಗಡೆ ಹತ್ತಿತ್ತು. ಆಮ್ಯಾಲೆ ಹಾಸಿಗಿ ಮ್ಯಾಲೆ ಪೆನ್ನಿನಿಂದ ಗುರುತು ಮಾಡಿದೆ."

ಇಂದುಮತಿ ಸಲೈನ್ ಬಾಟಲಿಯನ್ನು ಹಿಡಿದುಕೊಂಡೇ ನಿಂತಳು. ನಗು ಬಂತು. ನಗುತ್ತಲೇ ಕಣ್ಣು ತುಂಬಿ ಬಾಟಲಿಯ ಮುಚ್ಚಳ ಮಂಜಾಯಿತು. ಅವನಿಗೆ ಅವಳ ಮುಖ ಕಾಣುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು.

"ವೆಂಕಟೇಶನ್ನ ಕೇಳ್ಬಹುದಿತ್ತಲ್ರಿ." ವೆಂಕಟೇಶ ಅವನ ಆಫೀಸಿನವನು, ಪಕ್ಕದ ಬೀದಿಯಲ್ಲೇ ಇದ್ದ ಮೈಸೂರಿನವನು.

"ಅವ್ರ ಮನಿಗೆ ಹೋಗಿ ಅಂಗಿ ಬಿಚ್ಚಿ ಕೂಡೋದು ಛಲೋ ಕಾಣ್ತದೇನು?"

ಅವಳು ಸಲೈನ್ ಸುರಿಯತೊಡಗಿದಳು. ನೀರು ಬೆನ್ನಿನ ಕಾಲುವೆಗುಂಟ ಇಳಿಯಿತು. ಬಟ್ಟೆ ನೆನೆಯಿತು, ಮತ್ತೆ ಸುರಿದಳು, ಕಾದಳು. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಎಷ್ಟು ಕಾಲವಾಗಿತ್ತು ಈ ಬೆನ್ನನ್ನು ಇಷ್ಟು ಹತ್ತಿರದಿಂದ ನೋಡಿ! ಕತ್ತಿನ ಬುಡದ ಕರಿ ಮಚ್ಚೆ ಇದ್ದಲ್ಲೇ ಇತ್ತು. ಹೆಗಲು ಮೊದಲಿಗಿಂತ ಇಳಿದಿತ್ತು. ಬೆನ್ನುಮೂಳೆಯ ಗಂಟುಗಳು ಎಣಿಸುವಷ್ಟು ಎದ್ದು ಕಾಣುತ್ತಿದ್ದವು. ತಿಂಗಳಿಗೊಮ್ಮೆ ಬಂದುಹೋಗುವವಳು ಅಡಿಗೆ ಮನೆ, ಬಟ್ಟೆ, ಫ್ರಿಜ್ ಎಲ್ಲವನ್ನೂ ನೋಡಿದ್ದಳು, ಇದೊಂದನ್ನು ಬಿಟ್ಟು. ಅಂಗೈಯನ್ನು ಒಳ್ಳೆಯ ಚರ್ಮದ ಮೇಲಿಟ್ಟಳು. ಬಿಸಿ ಇದೆಯೇ ಎಂದು ನೋಡುವ ನೆಪ ಅದಕ್ಕಿತ್ತು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟಳು. ಅವನ ಉಸಿರು ಕೈಯಡಿಯಲ್ಲಿ ನಿಧಾನವಾಗಿ ಏರಿ ಇಳಿಯಿತು. ಅವನು ಅಲುಗಲಿಲ್ಲ.

ಕೊನೆಗೆ ಬಟ್ಟೆ ಬಿಟ್ಟುಕೊಂಡಿತು. ಎಡ ಹೆಗಲಿನ ಚಪ್ಪಟೆ ಎಲುಬಿನ ಮೇಲೆ, ಯಾರೋ ಒರಟು ಉಜ್ಜುಕಲ್ಲಿನಿಂದ ಎಳೆದ ಹಾಗೆ, ಮೇಲಿಂದ ಕೆಳಕ್ಕೆ ಸಾಲು ಸಾಲು ಗೀರು. ಮೇಲ್ಪದರ ಹೋಗಿ ಒಳಗಿನ ಕೆಂಪು ಒದ್ದೆಯಾಗಿ ಹೊಳೆಯುತ್ತಿತ್ತು. ಅಂಚಿನಲ್ಲಿ ಕಂದು ಹಕ್ಕಳೆ, ನಡುವೆ ಚುಕ್ಕೆ ಚುಕ್ಕೆ ಕಪ್ಪು ಮರಳು. ಕೆಳಗಿನ ತುದಿಯಲ್ಲಿ ಕೆಂಪು ಸ್ವಲ್ಪ ಹರಡಿತ್ತು, ಮುಟ್ಟಿದರೆ ಬೆಚ್ಚಗಿತ್ತು. ನೀರು ಬಿಟ್ಟು ಸೋಪಿನ ನೊರೆಯಿಂದ ತೊಳೆದಾಗ ಶ್ರೀಪತಿ ಹಲ್ಲು ಕಚ್ಚಿ "ಹಾ" ಅಂದ.

"ಏಳ್ರಿ. ಡಾಕ್ಟರ್ ಹತ್ರ ಹೋಗೋಣು."

ಭಾನುವಾರ ಅವನನ್ನು ನೋಡಿದ್ದ ಯುವ ವೈದ್ಯನೇ ಅಂದೂ ಇದ್ದ. ಇರ್ಫಾನ್ ಎಂದು ಹೆಸರು. ಗಾಯ ನೋಡಿ, ಮರಗಟ್ಟಿಸುವ ಮುಲಾಮು ಹಚ್ಚಿ, ಚಿಮುಟದಿಂದ ಒಂದೊಂದೇ ಮರಳು ತೆಗೆದು ಸ್ಟೀಲ್ ತಟ್ಟೆಗೆ ಹಾಕಿದ. ಟಿಣ್ ಎನ್ನುವಷ್ಟೂ ದೊಡ್ಡವಲ್ಲ. ಗಾಯಕ್ಕೆ ಅಂಟದ ಪ್ಯಾರಾಫಿನ್ ಗಾಜ್ ಇಟ್ಟು ಕಟ್ಟುವುದು ಹೇಗೆಂದು ಇಂದುಮತಿಗೆ ತೋರಿಸಿದ. ಐದು ದಿನದ ಮಾತ್ರೆ ಬರೆದ.

"ದಿನ ಬಿಟ್ಟು ದಿನ ಬನ್ನಿ ಅಂದಿದ್ದೆ, ಸರ್ ಬರಲಿಲ್ಲ," ಎಂದು ಮಲಯಾಳದಲ್ಲಿ ಹೇಳಿದ. "ನೀವು ಅವರಿಗೆ...?"

"ಹೆಂಡತಿ."

ವೈದ್ಯ ಕಾಗದ ನೋಡಿ, ಅವಳನ್ನು ನೋಡಿದ. ಇಂದುಮತಿಯ ಕಣ್ಣು ರೂಢಿಯಂತೆ ಕಾಗದದ ಮೇಲೆ ಹೋಯಿತು. ಭಾನುವಾರದ ಚೀಟಿ. ಸ್ಕೂಟರ್ ಜಾರಿ ಬಿದ್ದದ್ದು. ತರಚುಗಾಯ, ಬೆನ್ನಿನ ಮೇಲ್ಭಾಗ, ಎಡ. ಟೆಟನಸ್ ಕೊಟ್ಟಿದೆ. ಜೊತೆಗೆ ಬಂದವರು: ಯಾರೂ ಇಲ್ಲ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ: ಒಂಟಿಯಾಗಿ ವಾಸ, ಮನೆಯಲ್ಲಿ ಡ್ರೆಸಿಂಗ್ ಮಾಡುವವರಿಲ್ಲ.

ಗಾಯದ ಕೋಡ್ ಅವಳ ತಲೆಯಲ್ಲಿ ಪೂರ್ತಿ ಸಿದ್ಧವಾಗಿತ್ತು: ಎಡ, ಎರಡು, ಎ. ಅದರ ಹಿಂದೆಯೇ, ಕರೆಯದೆ, ಇನ್ನೊಂದು ಬಂತು. ಒಂಟಿ ಬದುಕಿನ ತೊಂದರೆಗೂ ಪುಸ್ತಕದಲ್ಲಿ ಒಂದು ಸಂಖ್ಯೆ ಇದೆ, ಜ಼ಡ್ ಅರವತ್ತು ಪಾಯಿಂಟ್ ಎರಡು. ಹೆಂಡತಿ ಸತ್ತ ಮುದುಕರ ಕಡತಗಳಲ್ಲಿ, ಮಹಡಿಯ ಮೆಟ್ಟಿಲಲ್ಲಿ ಬಿದ್ದು ಎರಡು ದಿನ ಯಾರಿಗೂ ಗೊತ್ತಾಗದೆ ಉಳಿದವರ ಕಡತಗಳಲ್ಲಿ ಅವಳು ಅದನ್ನು ಎಷ್ಟೋ ಸಲ ಹಾಕಿದ್ದಳು. ಇಪ್ಪತ್ತೊಂದು ವರ್ಷದ ಗಂಡನ ಹೆಸರಿನ ಕೆಳಗೆ ಆ ಮಾತು ಓದುತ್ತೇನೆಂದು ಅಂದುಕೊಂಡಿರಲಿಲ್ಲ.

ಆಟೋದಲ್ಲಿ ಮನೆಗೆ ಬರುವಾಗ ಕೇಳಿದಳು. "ಒಬ್ಬನ ಇರ್ತೀನಿ ಅಂತ ಬರಸೀರಲ್ಲ?"

"ಅವ ಕೇಳಿದ, ಮನ್ಯಾಗ ಯಾರದಾರ ಅಂತ. ಯಾರಿಲ್ಲ ಅಂದೆ. ಸುಳ್ಳೇನು ಹೇಳ್ಲಿಲ್ಲಲ್ಲ ಇಂದು."

ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವಳು ಜಗಳವಾದರೂ ಆಡಬಹುದಿತ್ತು.

ಕಚೇರಿಗೆ ಫೋನು ಮಾಡಿ ಹತ್ತು ದಿನ ರಜೆ ಕೇಳಿದಳು. ದಿನಾ ಬೆಳಗ್ಗೆ ಸ್ನಾನದ ನಂತರ ಅವನು ಸ್ಟೂಲಿನ ಮೇಲೆ ಕೂರುತ್ತಿದ್ದ, ಅವಳು ಹಳೆಯ ಕಟ್ಟು ನೆನೆಸಿ ತೆಗೆದು, ತೊಳೆದು, ಒತ್ತಿ ಒಣಗಿಸಿ, ಹೊಸದು ಕಟ್ಟುತ್ತಿದ್ದಳು. ಮೂರನೆಯ ದಿನಕ್ಕೆ ಹರಡಿದ ಕೆಂಪು ಹಿಂದೆ ಸರಿಯಿತು. ಅಂಚಿನಿಂದ ಹೊಸ ಚರ್ಮ ತೆಳ್ಳಗೆ, ಹೊಳೆಯುತ್ತಾ ಒಳಗೆ ಬರತೊಡಗಿತು. ಅವಳಿಗೆ ಅದು ಸೋಜಿಗ. ಕಡತದಲ್ಲಿ ಎ ಇದ್ದದ್ದು ಡಿ ಆಗುವುದಕ್ಕೆ ಒಂದು ಕ್ಷಣ ಸಾಕು. ಇಲ್ಲಿ ದಿನಕ್ಕೊಂದು ದಾರದೆಳೆಯಷ್ಟು ಮಾತ್ರ. ಆ ಅರ್ಧ ಗಂಟೆಯ ಹೊತ್ತು ಅವರು ಏನೇನೋ ಮಾತಾಡುತ್ತಿದ್ದರು. ಮುಖ ಎದುರಿಗಿಲ್ಲದ್ದರಿಂದ ಮಾತು ಸಲೀಸಾಗಿ ಬರುತ್ತಿತ್ತು. ಅವನು ಬಿದ್ದಾಗ ಮೀನು ಮಾರುವ ಹೆಂಗಸೊಬ್ಬಳು ತನ್ನ ಬುಟ್ಟಿ ಬಿಟ್ಟು ಓಡಿಬಂದು ಎಬ್ಬಿಸಿದ್ದು, ಆಟೋದವನಿಗೆ ಬೈದು ನಿಲ್ಲಿಸಿದ್ದು, ತನ್ನ ಟವೆಲನ್ನೇ ಅವನ ಬೆನ್ನಿಗೆ ಕೊಟ್ಟಿದ್ದು.

"ಅವತ್ತು ವೇಳಿ ಕಡೆ ಯಾಕ ಹೋಗಿದ್ರಿ?"

"ಆದಿತ್ಯವಾರ ಮುಂಜಾನೆ ಹೋಗ್ತೀನಿ. ಸಮುದ್ರದ ದಂಡಿಗೆ ಚಾದ ಅಂಗಡಿ ಅದ. ಮನ್ಯಾಗ ಒಬ್ಬನ ಕೂತು ಚಾ ಕುಡೀಲಿಕ್ಕೆ ಮನಸ್ಸಾಗೂದಿಲ್ಲ."

ಇಂದುಮತಿಯ ಕೈ ನಿಂತಿತು. ಕೊಚ್ಚಿಯಲ್ಲಿ ಅವಳದ್ದೂ ಭಾನುವಾರ ಬೆಳಗಿನ ಕಥೆ ಅದೇ. ಮೇರಿ ಚರ್ಚಿಗೆ ಹೋಗುತ್ತಿದ್ದಳು. ಇವಳು ಕಲೂರ್ ಸ್ಟೇಡಿಯಂ ಸುತ್ತ ನಡೆದು, ಅಲ್ಲಿಯ ಅಂಗಡಿಯಲ್ಲಿ ಒಬ್ಬಳೇ ನಿಂತು ಚಹಾ ಕುಡಿದು ಬರುತ್ತಿದ್ದಳು. ಅವನಿಗೆ ಅದನ್ನು ಹೇಳಿರಲಿಲ್ಲ. ಹೇಳದೇ ಉಳಿದದ್ದು ಅದೊಂದೇ ಅಲ್ಲ. ಎಂಟು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಮಾತೊಂದಿತ್ತು. ಆರನೆಯ ದಿನ, ಗಾಜ್ ಕತ್ತರಿಸುತ್ತಾ, ಅದನ್ನು ಹೇಳಿಬಿಟ್ಟಳು.

"ಜೂನ್ ತಿಂಗಳದಾಗ ನಮ್ಮ ಕಂಪನ್ಯಾಗ ಕಾಯಂ ಮನಿಯಿಂದ ಕೆಲಸ ಮಾಡ್ಲಿಕ್ಕೆ ಕೆಲವರನ್ನ ಆರಿಸಿದ್ರು. ನನ್ನ ಹೆಸರೂ ಇತ್ತು. ನಾ ಬ್ಯಾಡ ಅಂದೆ."

ಅವನ ಬೆನ್ನು ಕೈಯಡಿ ಬಿಗಿಯಾಯಿತು. ಆಮೇಲೆ, "ಹೌದಾ," ಅಂದ. ಕಟ್ಟು ಮುಗಿದ ಮೇಲೆ ಅಂಗಿ ಹಾಕಿಕೊಂಡು ಆಫೀಸಿಗೆ ಹೊರಟುಹೋದ. ಡಬ್ಬಿ ಮರೆತು ಹೋಗಿದ್ದ.

ಆ ಹಗಲು ಇಂದುಮತಿಗೆ ಮುಗಿಯಲೇ ಇಲ್ಲ. ಬಟ್ಟೆ ಒಗೆದಳು. ಹಾಸಿಗೆ ಚಾದರ ತೆಗೆದಾಗ ಕೆಳಗೆ, ಹಾಸಿಗೆಯ ಬಟ್ಟೆಯ ಮೇಲೆ, ನೀಲಿ ಪೆನ್ನಿನ ನಾಲ್ಕು ಗೆರೆಯ ಚೌಕ ಕಂಡಿತು. ಅಳತೆಪಟ್ಟಿ ಇಟ್ಟು ಎಳೆದಿದ್ದ, ಎಂಜಿನಿಯರ್ ಅಲ್ಲವೇ. ಅದರ ಪಕ್ಕದಲ್ಲಿ ಅವಳು ಮಲಗುವ ಜಾಗ ಮಡಿಕೆಯಿಲ್ಲದೆ ನುಣ್ಣಗಿತ್ತು. ಮಂಚದ ಅಂಚಿಗೆ ಕೂತು ಅಳು ಮುಗಿಯುವತನಕ ಅತ್ತಳು.

ಸಂಜೆ ಅವನು ಬಂದ. ಚಹಾ ಕುಡಿದ. ಬಟ್ಟೆ ಬದಲಿಸಿ ಬಂದು ಅವಳೆದುರು ಕೂತ. ಈ ಸಲ ಬೆನ್ನು ತಿರುಗಿಸದೆ.

"ಯಾಕ ಬ್ಯಾಡ ಅಂದಿ?"

"ನೀವು ಬಾ ಅಂತ ಒಂದ್ಸಲನೂ ಅನ್ಲಿಲ್ಲ." ಇಂದುಮತಿ ಚಹಾ ಲೋಟ ಆಚೆ ಸರಿಸಿದಳು. "ನಾ ಫೋನಿನ್ಯಾಗ ಹೇಳಿದ್ದೆ, ನೆನಪದ ಏನು? ಕೆಲವರಿಗೆ ಮನಿಯಿಂದ ಕೆಲಸ ಕೊಡ್ಲಿಕತ್ತಾರ ಅಂತ. ನೀವು 'ಹೌದಾ, ಛಲೋ ಆತು' ಅಂದು ಸಾರಿಗೆ ಎಷ್ಟು ಹುಣಸಿಹಣ್ಣು ಹಾಕೋದು ಅಂತ ಕೇಳಿದ್ರಿ. ಬಾ ಅನ್ನದವರ ಮನಿಗೆ ನಾನ ಹೆಂಗ ಬರ್ಲಿ?"

"ನನಗ ನೆನಪದ," ಅಂದ ಶ್ರೀಪತಿ. "ಆ ದಿನ ಕುಕ್ಕರ್ ಮುಂದ ನಿಂತು ಒಂದು ತಾಸು ವಿಚಾರ ಮಾಡೀನಿ. ಹದಿನೈದು ವರ್ಷ ನಾ ಎಲ್ಲೆ ಹೋದೆ ಅಲ್ಲೆ ಬಂದಿ. ಬಾ ಅನ್ನೋದಲ್ಲ, ಸಾಮಾನು ಕಟ್ಟು ಅಂತ ಅಂದೀನಿ ನಾ, ಎರಡೂ ಸಲ. ಈಗ ನಿನ್ನ ಕೆಲಸ, ನಿನ್ನ ಮನಿ, ನಿನ್ನ ಗೆಳತೇರು ಅಂತ ಆಗೇದ. ಮತ್ತ ಬಾ ಅಂದ್ರ ನೀ ಇಲ್ಲ ಅನ್ನೂದಿಲ್ಲ ಅಂತ ನನಗ ಗೊತ್ತಿತ್ತು. ಅದಕ್ಕ ಅನ್ಲಿಲ್ಲ."

"ನಾ ದಾರಿ ಕಾಯ್ಲಿಕತ್ತಿದ್ದೆ."

"ನಾನೂ."

ಹೊರಗೆ ಉಳ್ಳೂರಿನ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಶ್ರೀಪತಿ ಮೇಜಿನ ಮೇಲಿನಿಂದ ಕೈ ಚಾಚಿ ಅವಳ ಬೆರಳು ಹಿಡಿದ. ಐವತ್ತಕ್ಕೆ ಹತ್ತಿರವಾದ ಮನುಷ್ಯ, ಮಾತಿಗೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಂಡ.

"ಬಾ ಇಂದು. ಈಗ ಕೇಳ್ಲಿಕತ್ತೀನಿ. ಮನಿ ಭಾಳ ಖಾಲಿ ಅದ."

ಮರುದಿನವೇ ಅವಳು ಕಚೇರಿಯ ಮೇಲಧಿಕಾರಿಗೆ ಫೋನು ಮಾಡಿದಳು. ಉತ್ತರ ಬರಲು ಎರಡು ದಿನ ಹಿಡಿಯಿತು. ಆ ಪಟ್ಟಿ ಮುಗಿದಿದೆ, ಈಗ ಯಾರನ್ನೂ ಸೇರಿಸುತ್ತಿಲ್ಲ, ಮತ್ತೆ ಯಾವಾಗ ತೆರೆಯುತ್ತದೆಂದು ಹೇಳಲಾಗುವುದಿಲ್ಲ, ತೆರೆದರೆ ನಿಮ್ಮ ಹೆಸರು ಮೊದಲು ಇಡುತ್ತೇವೆ. ಇಂದುಮತಿ ಅದನ್ನು ಶ್ರೀಪತಿಗೆ ಓದಿ ಹೇಳಿದಳು. ಅವನು ತಲೆಯಾಡಿಸಿದ. ತಡವಾಗಿ ಕೇಳಿದ್ದು ಅವನು, ತಡವಾಗಿ ಹೇಳಿದ್ದು ಅವಳು. ತಪ್ಪನ್ನು ಯಾರ ಮೇಲೂ ಹಾಕುವಂತಿರಲಿಲ್ಲ.

ಹತ್ತನೆಯ ದಿನ ಕಟ್ಟು ಬಿಚ್ಚಿದಾಗ ಒದ್ದೆ ಇರಲಿಲ್ಲ. ಎಡಬೆನ್ನಿನ ಮೇಲೆ ಅಂಗೈಯಗಲದ ಗುಲಾಬಿ ಚರ್ಮ, ಮಗುವಿನ ಅಂಗಾಲಿನಷ್ಟು ನಯ. ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಮಾತ್ರ ಉಳಿದಿತ್ತು. ಇರ್ಫಾನ್‌ನ ಚಿಮುಟಕ್ಕೆ ಸಿಗದೆ ತಪ್ಪಿಸಿಕೊಂಡ ಮರಳಿನ ಕಣ. "ಇದು ಹೋಗೂದಿಲ್ಲ," ಅಂದಳು. "ಇರ್ಲಿ ಬಿಡು, ನನಗೇನು ಕಾಣ್ತದ?" ಅಂದ. ವ್ಯಾಸಲೀನ್ ಸವರಿ, ಬಿಸಿಲಿಗೆ ಬೆನ್ನೊಡ್ಡಬೇಡಿ ಎಂದು ಹೇಳಿ, ಆ ಮಧ್ಯಾಹ್ನ ರೈಲು ಹತ್ತಿದಳು. ಅವನು ಪ್ಲಾಟ್‌ಫಾರ್ಮಿನ ಕೊನೆಯವರೆಗೂ ಬಂದ.

ಆ ವಾರದ ಶುಕ್ರವಾರ ಫೋನಿನಲ್ಲಿ ಅವನು ಕೇಳಿದ. "ನಾರ್ತ್ ಸ್ಟೇಷನ್ನಿಂದ ನಿಮ್ಮನಿಗೆ ಹೆಂಗ ಬರೋದು?"

"ಯಾಕ?"

"ನಾಳೆ ಬರ್ಲಿಕತ್ತೀನಿ."

ಶನಿವಾರ ಮಧ್ಯಾಹ್ನ ಅವಳು ರೈಲು ಬರುವ ಒಂದು ಗಂಟೆ ಮೊದಲೇ ಸ್ಟೇಷನ್ನಿಗೆ ಹೋಗಿ ನಿಂತಳು. ಅವನು ಇಳಿದಾಗ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ತಿರುವನಂತಪುರದ ಚಾಲ ಮಾರುಕಟ್ಟೆಯಿಂದ ತಂದ ರಸಬಾಳೆಯ ಚಿಪ್ಪು. ಕಲೂರಿನವರೆಗೂ ನಡೆದೇ ಬಂದರು. ಇದು ನಾನು ಬಸ್ಸು ಹತ್ತುವ ಜಾಗ, ಇದು ಕನ್ನಡಕ ಮಾಡಿಸಿದ ಅಂಗಡಿ, ಈ ಹೋಟೆಲಿನ ಅಪ್ಪಂ ಚೆನ್ನಾಗಿರುತ್ತದೆ ಎಂದು ಅವಳು ತೋರಿಸುತ್ತಾ ಹೋದಳು. ಅವನು ಪ್ರತಿಯೊಂದರ ಮುಂದೆಯೂ ನಿಂತು ನೋಡಿದ. ಮೇರಿ ಬಾಗಿಲು ತೆಗೆದು "ವರೂ ಚೇಟ್ಟಾ", ಬನ್ನಿ ಅಣ್ಣ, ಎಂದು ಕರೆದಳು. ಅವನಿಗಾಗಿ ಮೀನು ಬಿಟ್ಟು ಅವಿಯಲ್ ಮಾಡಿದ್ದಳು.

ಎರಡು ದಿನ ಕಳೆದದ್ದು ಗೊತ್ತಾಗಲಿಲ್ಲ. ಭಾನುವಾರ ಸಂಜೆ ಮತ್ತೆ ನಾರ್ತ್ ಸ್ಟೇಷನ್. ಅವನು ಹತ್ತಿ ಕಿಟಕಿಯ ಪಕ್ಕ ಕೂತ. ಸೀಟಿಗೆ ನಿಶ್ಚಿಂತೆಯಿಂದ ಒರಗಿದ. ಕಂಬಿಯ ಹೊರಗೆ ನಿಂತ ಇಂದುಮತಿ ಅವನ ಮೊಣಕೈ ಮುಟ್ಟಿದಳು.

"ಬರೋ ಶನಿವಾರ ನಾ ಬರ್ತೀನಿ," ಅಂದಳು.

"ಅದರ ಮುಂದಿಂದು ನಾ."

"ಮತ್ತ ಆ ಪಟ್ಟಿ ತೆರೀಲಿಲ್ಲಂದ್ರ?"

"ಹಿಂಗ ಬರ್ಕೋತ ಹೋಗ್ಕೋತ ಇರೋದು. ನನಗ ನಿವೃತ್ತಿಗೆ ಹನ್ನೊಂದು ವರ್ಷ ಅದ, ಆಮ್ಯಾಲೆ ಪೂರಾ ಬಂದು ಇಲ್ಲೇ ಬೀಳ್ತೀನಿ, ನೀ ಸಾಕು ಅನ್ನೂತನಕ."

ಅವಳು ನಕ್ಕಳು. ರೈಲು ಅಲುಗಿತು. ಅವನ ಮೊಣಕೈ ಅವಳ ಬೆರಳಿನಿಂದ ಜಾರಿತು. ನಾಲ್ಕು ಹೆಜ್ಜೆ ಜೊತೆಗೆ ನಡೆದು ನಿಂತಳು. ಕೊನೆಯ ಬೋಗಿ ಸೇತುವೆಯ ಕಡೆ ತಿರುಗಿ ಮರೆಯಾಯಿತು. ಜನ ಚದುರಿದರು. ಚಹಾ ಮಾರುವವನು ಖಾಲಿ ಕ್ಯಾನನ್ನು ಬೆಂಚಿನ ಮೇಲಿಟ್ಟು ಬೆವರೊರೆಸಿಕೊಂಡ. ಇಂದುಮತಿಗೆ ಹೋಗಲು ಮನಸ್ಸಾಗಲಿಲ್ಲ. ಶನಿವಾರಕ್ಕೆ ಇನ್ನೂ ಆರು ದಿನವಿತ್ತು. ಅಲ್ಲೇ, ಬೆಂಚಿನ ಇನ್ನೊಂದು ತುದಿಗೆ, ಸ್ವಲ್ಪ ಹೊತ್ತು ಕೂತಳು.